ಮೂರು ಡ್ರೈ ಬ್ಯಾಗ್, ಒಂದು ಲೈನರ್: ಎರಡು ವರ್ಷಗಳ ಬಳಕೆಯ ನಂತರ

ಬೆನ್ನಿಗೆ ಚೀಲ ಹೊತ್ತು ನಾಲ್ಕೈದು ದಿನ ನಡೆಯುವ ಚಾರಣದಲ್ಲಿ ಮಳೆ ಹಿಡಿದರೆ ಮೈ ನೆನೆಯುವುದು ತಪ್ಪುವುದಿಲ್ಲ. ಎಷ್ಟೇ ಒಳ್ಳೆಯ ಜಾಕೆಟ್ ತೊಟ್ಟಿದ್ದರೂ ಏರುದಾರಿಯಲ್ಲಿ ಒಳಗಿನ ಬೆವರೇ ಅಂಗಿಯನ್ನು ತೋಯಿಸಿಬಿಡುತ್ತದೆ. ನಡೆಯುತ್ತಿರುವಷ್ಟು ಹೊತ್ತು ಮೈಯ ಬಿಸಿ ಇರುವುದರಿಂದ ಅದನ್ನು ಸಹಿಸಿಕೊಳ್ಳಬಹುದು. ಸಹಿಸಲು ಆಗದಿರುವುದು ಸಂಜೆಯ ಒಂದು ಕ್ಷಣ: ಟೆಂಟಿನೊಳಗೆ ಕುಳಿತು, ನಡುಗುವ ಬೆರಳುಗಳಿಂದ ಚೀಲ ಬಿಚ್ಚಿ, ಸ್ಲೀಪಿಂಗ್ ಬ್ಯಾಗನ್ನು ಹೊರಗೆಳೆದಾಗ ಅದರ ಕಾಲಿನ ತುದಿ ಕೈಗೆ ತಣ್ಣಗೆ ತಗುಲುವ ಕ್ಷಣ. ನನಗೆ ಆ ಅನುಭವ ಎರಡು ಬಾರಿ ಆಗಿದೆ. ಮೂರನೆಯ ಬಾರಿ ಆಗಬಾರದೆಂದು ನಾನು ಹೊಂದಿಸಿಕೊಂಡ ಸಾಮಾನುಗಳ ವಿಮರ್ಶೆ ಇದು.

ಸಾಮಾನು ಹೆಚ್ಚೇನೂ ಇಲ್ಲ. ತೆಳ್ಳನೆಯ ನೈಲಾನಿನ, ಬಾಯಿಯನ್ನು ಸುರುಳಿ ಸುತ್ತಿ ಮುಚ್ಚುವ ಮೂರು ಡ್ರೈ ಬ್ಯಾಗುಗಳು, ಒಂದು 4 ಲೀಟರಿನದು, ಒಂದು 8 ಲೀಟರಿನದು, ಒಂದು 13 ಲೀಟರಿನದು. ಇವೆಲ್ಲವನ್ನೂ ಒಳಗೊಳ್ಳುವಂತೆ ಬೆನ್ನುಚೀಲದ ಒಳಗೋಡೆಗೆ ಅಂಟಿಕೊಂಡು ನಿಲ್ಲುವ ಪಾಲಿಥೀನ್ ಲೈನರ್ ಒಂದು. ಈ ಮಾದರಿಯ ಚೀಲಗಳನ್ನು ಹಲವು ಕಂಪನಿಗಳು ಹೆಚ್ಚುಕಡಿಮೆ ಒಂದೇ ರೀತಿಯಲ್ಲಿ ತಯಾರಿಸುತ್ತವೆ. ಆದ್ದರಿಂದ ಮೇಲಿರುವ ಮುದ್ರೆಯನ್ನು ಬಿಟ್ಟು ಬಟ್ಟೆ, ಹೊಲಿಗೆ, ಬಾಯಿ ಮತ್ತು ಬಳಸುವ ಕ್ರಮದ ಬಗ್ಗೆ ಬರೆಯುತ್ತೇನೆ. ಎರಡು ವರ್ಷಗಳಲ್ಲಿ ಸುಮಾರು ನಲವತ್ತು ರಾತ್ರಿಗಳನ್ನು ಇವು ನನ್ನೊಂದಿಗೆ ಬಯಲಿನಲ್ಲಿ ಕಳೆದಿವೆ. ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಳೆಯ ರಾತ್ರಿಗಳು.

ಇದಕ್ಕೂ ಮೊದಲು ನಾನು ನಂಬಿಕೊಂಡಿದ್ದದ್ದು ಬೆನ್ನುಚೀಲದ ಮೇಲೆ ಹೊದಿಸುವ ರೈನ್ ಕವರನ್ನು. ಬಹಳಷ್ಟು ಜನ ಈಗಲೂ ಅದನ್ನೇ ನಂಬಿದ್ದಾರೆ, ಏಕೆಂದರೆ ಅನೇಕ ಚೀಲಗಳ ತಳದ ಜೇಬಿನಲ್ಲಿ ಅದು ಜೊತೆಗೇ ಬಂದಿರುತ್ತದೆ. ಅದರ ದೋಷ ಅದರ ಆಕಾರದಲ್ಲೇ ಇದೆ. ಕವರ್ ಚೀಲದ ಮುಖವನ್ನೂ ಪಕ್ಕಗಳನ್ನೂ ಮುಚ್ಚುತ್ತದೆಯೇ ಹೊರತು ನಮ್ಮ ಬೆನ್ನಿಗೆ ತಾಗುವ ಭಾಗವನ್ನು ಮುಚ್ಚಲಾರದು. ಮಳೆಯ ನೀರು ಕುತ್ತಿಗೆಯಿಂದ ಇಳಿದು, ಹೆಗಲಪಟ್ಟಿಯ ಮೆತ್ತೆಯಲ್ಲಿ ಸೇರಿ, ಅಲ್ಲಿಂದ ಬೆನ್ನಿನ ಜಾಲರಿಗೆ ಹರಿದು, ಪಟ್ಟಿಗಳನ್ನು ಚೀಲಕ್ಕೆ ಜೋಡಿಸಿದ ಹೊಲಿಗೆಯ ತೂತುಗಳ ಮೂಲಕ ಒಳಕ್ಕೆ ಜಿನುಗುತ್ತದೆ. ಹೀಗೆ ಇಳಿದ ನೀರು ಕವರಿನ ತಳದಲ್ಲಿ ಬೊಗಸೆಯಂತೆ ನಿಲ್ಲುತ್ತದೆ, ಚೀಲದ ತಳ ಅದರಲ್ಲಿ ಗಂಟೆಗಟ್ಟಲೆ ನೆನೆಯುತ್ತದೆ. ಸ್ಲೀಪಿಂಗ್ ಬ್ಯಾಗ್ ಇರುವುದೂ ಅದೇ ತಳದಲ್ಲಿ. ಜೋರುಗಾಳಿ ಬೀಸಿದರೆ ಕವರ್ ಹಾಯಿಯಂತೆ ಉಬ್ಬುತ್ತದೆ, ಪೊದೆಗಳ ನಡುವೆ ನುಗ್ಗಿದರೆ ಮುಳ್ಳಿಗೆ ಸಿಕ್ಕಿ ಹರಿಯುತ್ತದೆ. ನನ್ನ ಮೊದಲ ಒದ್ದೆ ರಾತ್ರಿಗೆ ಕಾರಣ ಇದೇ. ಇಡೀ ದಿನ ಜಿಟಿಜಿಟಿ ಮಳೆಯಲ್ಲಿ ನಡೆದ ಮೇಲೆ ಕವರನ್ನು ಕಳಚಿದಾಗ ಅದರೊಳಗಿಂದ ಒಂದು ಲೋಟದಷ್ಟು ನೀರು ಚೆಲ್ಲಿತು.

ಬೆನ್ನುಚೀಲವೇ ಜಲನಿರೋಧಕವಾಗಿದ್ದರೆ ಈ ತೊಂದರೆ ಏಕೆ ಎಂದು ಕೇಳಬಹುದು. ಚೀಲದ ಬಟ್ಟೆಗೆ ಒಳಗಿನಿಂದ ಪಾಲಿಯುರೆಥೇನ್ ಎಂಬ ಪ್ಲಾಸ್ಟಿಕ್ ಲೇಪನ ಇದ್ದರೂ ಅದರ ಹೊಲಿಗೆಗಳಿಗೆ ಸಾಮಾನ್ಯವಾಗಿ ಟೇಪ್ ಹಾಕಿರುವುದಿಲ್ಲ. ಸೂಜಿ ಚುಚ್ಚಿದ ಪ್ರತಿಯೊಂದು ಜಾಗವೂ ಒಂದು ಸಣ್ಣ ಬಾಗಿಲು, ಝಿಪ್ ದೊಡ್ಡ ಬಾಗಿಲು. ಆದ್ದರಿಂದ ಬೆನ್ನುಚೀಲ ನೆನೆಯುತ್ತದೆ ಎಂದು ಒಪ್ಪಿಕೊಂಡೇ ಹೊರಡುವುದು ಒಳ್ಳೆಯದು. ಅದು ನೆನೆಯಲಿ. ಒಳಗೆ ಇನ್ನೊಂದು ಗೋಡೆ ಇರಲಿ.

ಆ ಒಳಗೋಡೆಯೇ ಲೈನರ್. ನನ್ನದು ಸುಮಾರು 70 ಲೀಟರಿನ, 50 ಮೈಕ್ರಾನ್ ದಪ್ಪದ, ಮಂಜುಗಾಜಿನಂತೆ ಅರೆಪಾರದರ್ಶಕವಾದ ಪಾಲಿಥೀನ್ ಚೀಲ. ತೂಕ 60 ಗ್ರಾಂ. ಅದಕ್ಕೆ ಹೊಲಿಗೆ ಇಲ್ಲ, ಝಿಪ್ ಇಲ್ಲ, ಬಕಲ್ ಇಲ್ಲ. ಬಾಯಿಯನ್ನು ಹಿಂಡಿ, ಒಳಗಿನ ಗಾಳಿ ಹೊರಹಾಕಿ, ಹಗ್ಗದಂತೆ ತಿರುಚಿ, ಮಡಿಸಿ ಪಕ್ಕಕ್ಕೆ ಸಿಕ್ಕಿಸಿದರೆ ಆಯಿತು. ಇಡೀ ಹೊಂದಿಕೆಯಲ್ಲಿ ಅತಿ ಅಗ್ಗದ ವಸ್ತು ಇದು, ನನ್ನ ಮಟ್ಟಿಗೆ ಅತಿ ಮುಖ್ಯವಾದದ್ದೂ ಇದೇ. ಮೂರು ಡ್ರೈ ಬ್ಯಾಗುಗಳಲ್ಲಿ ಎರಡನ್ನು ಮನೆಯಲ್ಲೇ ಬಿಟ್ಟು ಹೋಗು ಎಂದರೆ ಹೋಗುತ್ತೇನೆ. ಲೈನರ್ ಬಿಟ್ಟು ಹೋಗಲಾರೆ. ಅರೆಪಾರದರ್ಶಕವಾಗಿರುವುದರ ಲಾಭ ಬಳಸಿದವರಿಗೆ ಗೊತ್ತು: ಕಪ್ಪು ಲೈನರಿನೊಳಗೆ ಇಣುಕುವುದೆಂದರೆ ಬಾವಿಯೊಳಗೆ ಇಣುಕಿದಂತೆ, ಬಿಳಿಯದರಲ್ಲಿ ಸಂಜೆಯ ಬೆಳಕೇ ಒಳಗಿನದನ್ನೆಲ್ಲ ತೋರಿಸುತ್ತದೆ. ಇದರ ಕೊರತೆಯೆಂದರೆ ಮೊನಚಾದ ವಸ್ತು ತಗುಲಿದರೆ ತೂತಾಗುವುದು. ಎರಡು ವರ್ಷಗಳಲ್ಲಿ ನಾನು ಮೂರು ಲೈನರುಗಳನ್ನು ಬದಲಿಸಿದ್ದೇನೆ. ಒಂದನ್ನು ಟೆಂಟಿನ ಗೂಟ ಚುಚ್ಚಿತು. ಮತ್ತೊಂದು ಪ್ರತಿದಿನ ತಿರುಚುವ ಕುತ್ತಿಗೆಯ ಜಾಗದಲ್ಲೇ ಸವೆದು ಸೀಳಿತು. ಸಣ್ಣ ತೂತಿಗೆ ಒಂದು ತುಂಡು ಟೇಪ್ ಒಳಗಿನಿಂದ, ಇನ್ನೊಂದು ಹೊರಗಿನಿಂದ ಅಂಟಿಸಿದರೆ ಚಾರಣ ಮುಗಿಯುವವರೆಗೆ ಬಾಳುತ್ತದೆ.

ಈಗ ಡ್ರೈ ಬ್ಯಾಗುಗಳ ವಿಷಯ. ಬಟ್ಟೆ 30 ಡೆನಿಯರ್ ನೈಲಾನ್. 9,000 ಮೀಟರ್ ಉದ್ದದ ನೂಲು ಎಷ್ಟು ಗ್ರಾಂ ತೂಗುತ್ತದೆ ಎಂಬುದೇ ಡೆನಿಯರ್ ಎಂಬ ಅಳತೆ. ಅಂದರೆ ಇಲ್ಲಿ ಒಂಬತ್ತು ಕಿಲೋಮೀಟರ್ ನೂಲಿನ ತೂಕ ಕೇವಲ 30 ಗ್ರಾಂ. ಹೊರಮೈಗೆ ಸಿಲಿಕಾನ್ ಲೇಪನ, ಒಳಮೈಗೆ ಪಾಲಿಯುರೆಥೇನ್ ಲೇಪನ. ಎರಡೂ ಕಡೆ ಸಿಲಿಕಾನ್ ಇರುವ ಬಟ್ಟೆ ಇನ್ನೂ ಗಟ್ಟಿ ಎಂಬುದು ನಿಜ, ಆದರೆ ಸಿಲಿಕಾನಿನ ಮೇಲೆ ಹೊಲಿಗೆಯ ಟೇಪ್ ಹಿಡಿಯುವುದಿಲ್ಲ. ಒಳಗೆ ಪಾಲಿಯುರೆಥೇನ್ ಇರುವುದರಿಂದಲೇ ಕಾರ್ಖಾನೆಯಲ್ಲಿ ಹೊಲಿಗೆಗಳ ಮೇಲೆ ಬಿಸಿಯಿಂದ ಟೇಪ್ ಕೂರಿಸಲು ಸಾಧ್ಯವಾಗುತ್ತದೆ. ಕೊಳ್ಳುವ ಮುನ್ನ ಚೀಲವನ್ನು ಒಳಹೊರಗು ಮಾಡಿ ಎಲ್ಲ ಹೊಲಿಗೆಗಳ ಮೇಲೂ ಟೇಪ್ ಇದೆಯೇ ಎಂದು ಬೆರಳು ಓಡಿಸಿ ನೋಡಬೇಕು. ಟೇಪ್ ಇಲ್ಲದ ಚೀಲ ಸಾಮಾನುಗಳನ್ನು ವಿಂಗಡಿಸಲು ಮಾತ್ರ ಆದೀತು. ಅಡುಗೆಮನೆಯ ತಕ್ಕಡಿಯಲ್ಲಿ ತೂಗಿದಾಗ ನನ್ನ ಮೂರು ಚೀಲಗಳ ಒಟ್ಟು ತೂಕ 110 ಗ್ರಾಂ ಬಂತು. ಲೈನರ್ ಸೇರಿದರೆ 170. ಮೊದಲು ಹೊರುತ್ತಿದ್ದ ರೈನ್ ಕವರ್ ಒಂದೇ 110 ಗ್ರಾಂ ಇತ್ತು.

ಚೀಲದ ಚೀಟಿಯ ಮೇಲೆ 2,000 ಮಿ.ಮೀ. ಎಂದು ಬರೆದಿದೆ. ಈ ಸಂಖ್ಯೆಯನ್ನು ನೋಡಿ ಸಮಾಧಾನಪಡುವವರೂ ಇದ್ದಾರೆ, ಸಂಶಯಪಡುವವರೂ ಇದ್ದಾರೆ; ಅರ್ಥ ತಿಳಿದರೆ ಎರಡೂ ಬೇಕಾಗಿಲ್ಲ. ಬಟ್ಟೆಯ ಮೇಲೆ ನೀರಿನ ಒತ್ತಡವನ್ನು ಹೆಚ್ಚಿಸುತ್ತಾ ಹೋಗಿ, ಇನ್ನೊಂದು ಮೈಯಲ್ಲಿ ಮೂರು ಕಡೆ ಹನಿ ಕಾಣಿಸಿಕೊಂಡಾಗ ಆ ಒತ್ತಡವನ್ನು ನೀರಿನ ಕಂಬದ ಎತ್ತರವಾಗಿ ದಾಖಲಿಸುತ್ತಾರೆ. ಎರಡು ಮೀಟರ್ ಎತ್ತರದ ನೀರಿನ ಕಂಬವೆಂದರೆ ಒಂದು ಚದರ ಸೆಂಟಿಮೀಟರಿಗೆ 200 ಗ್ರಾಂ ಒತ್ತಡ. ಬೆನ್ನುಚೀಲದೊಳಗೆ 12 ಕಿಲೋ ಸಾಮಾನು 600 ಚದರ ಸೆಂಟಿಮೀಟರ್ ತಳದ ಮೇಲೆ ಕುಳಿತಿದ್ದರೆ ಒತ್ತಡ ಚದರ ಸೆಂಟಿಮೀಟರಿಗೆ 20 ಗ್ರಾಂ ಮಾತ್ರ, ಅಂದರೆ ಹತ್ತನೆಯ ಒಂದು ಭಾಗ. ಹಾಗಾಗಿ ಬೆನ್ನುಚೀಲದ ಒಳಗೆ ಈ ಬಟ್ಟೆ ಧಾರಾಳವಾಗಿ ಸಾಕು. ಅದೇ ಚೀಲವನ್ನು ಒದ್ದೆ ನೆಲದ ಮೇಲಿಟ್ಟು ಮೊಣಕಾಲೂರಿದರೆ ಲೆಕ್ಕ ತಲೆಕೆಳಗಾಗುತ್ತದೆ. 35 ಕಿಲೋ ಭಾರ 50 ಚದರ ಸೆಂಟಿಮೀಟರ್ ಮೇಲೆ ಬಿದ್ದರೆ ಒತ್ತಡ ಏಳು ಮೀಟರ್ ನೀರಿನ ಕಂಬಕ್ಕೆ ಸಮ. ಡ್ರೈ ಬ್ಯಾಗಿನ ಮೇಲೆ ಕುಳಿತುಕೊಳ್ಳುವುದನ್ನೂ ಮೊಣಕಾಲೂರಿ ಅದನ್ನು ಅದುಮುವುದನ್ನೂ ನಾನು ಇದನ್ನು ತಿಳಿದ ದಿನದಿಂದ ಬಿಟ್ಟಿದ್ದೇನೆ.

ಬಾಯಿಯ ವಿನ್ಯಾಸ ಸರಳ. ಬಾಯಿಯ ಅಂಚಿನಲ್ಲಿ ಬಿಗಿಯಾದ ಒಂದು ಪಟ್ಟಿ ಇದೆ. ಅದನ್ನು ಕನಿಷ್ಠ ಮೂರು ಸುತ್ತು ಸುತ್ತಿ, ಎರಡು ತುದಿಗಳನ್ನು ಬಗ್ಗಿಸಿ ಬಕಲ್ ಹಾಕಬೇಕು. ಈ ಮುಚ್ಚಳ ಮಳೆಗೆ, ಸಿಡಿಯುವ ನೀರಿಗೆ, ಹೊಳೆ ದಾಟುವಾಗ ಕ್ಷಣಕಾಲ ಮುಳುಗುವುದಕ್ಕೆ ತಡೆ. ನೀರಿನಡಿ ಬಿಟ್ಟರೆ ಸುರುಳಿಯ ಎಡೆಯಿಂದ ನಿಧಾನವಾಗಿ ನೀರು ಒಳಸೇರುತ್ತದೆ. ದೋಣಿಯಾನಕ್ಕೆ ಬಳಸುವ ದಪ್ಪ ಚೀಲಗಳೇ ಬೇರೆ. ಅವುಗಳನ್ನು ಬೆನ್ನುಚೀಲದೊಳಗೆ ತುರುಕಲು ಹೋದರೆ ತೂಕವೂ ಹೆಚ್ಚು, ಒಂದಕ್ಕೊಂದು ತಿಕ್ಕಿಕೊಂಡು ಜಾರದೆ ಹಟ ಹಿಡಿಯುತ್ತವೆ.

ಮೂರು ಸುತ್ತು ಎಂದು ಒತ್ತಿ ಹೇಳಲು ಕಾರಣವಿದೆ. ನನ್ನ ಎರಡನೆಯ ಒದ್ದೆ ರಾತ್ರಿ ಈ ಚೀಲಗಳನ್ನು ಕೊಂಡ ಮೇಲೆ, ಲೈನರ್ ಬಳಸಲು ಆರಂಭಿಸುವ ಮೊದಲು ಆದದ್ದು. 13 ಲೀಟರಿನ ಚೀಲದಲ್ಲಿ ಸ್ಲೀಪಿಂಗ್ ಬ್ಯಾಗಿನ ಜೊತೆಗೆ ಉಣ್ಣೆಯ ಕಾಲುಚೀಲ, ಒಳಅಂಗಿ, ಟೋಪಿ ಎಲ್ಲವನ್ನೂ ತುಂಬಿದ್ದೆ. ಬಾಯಿ ಒಂದೂವರೆ ಸುತ್ತಿಗೇ ಬಿಗಿಯಾಯಿತು, ಬಕಲ್ ಕೂತಿತು, ಹೊರಟುಬಿಟ್ಟೆ. ರಾತ್ರಿ ತೆರೆದು ನೋಡಿದರೆ ಸುರುಳಿಯ ಮಡಿಕೆಯ ಎಡಬದಿಯಲ್ಲಿ, ಬಕಲಿನ ಬುಡದಲ್ಲಿ, ಬಟ್ಟೆ ನೆಟ್ಟಗೆ ಕೂರದೆ ಒಂದು ಕಿರಿದಾದ ಕೊಳವೆಯಂತಾಗಿತ್ತು. ಅದರ ಬಾಯಲ್ಲಿ ನೀರಿನ ಹನಿಯೊಂದು ನಿಂತಿತ್ತು, ಕೆಳಗಡೆ ಅಂಗೈ ಅಗಲದಷ್ಟು ಸ್ಲೀಪಿಂಗ್ ಬ್ಯಾಗ್ ನೆಂದು ಕಪ್ಪಾಗಿತ್ತು. ಚೀಲದ ಬಟ್ಟೆಯಲ್ಲಾಗಲಿ ಹೊಲಿಗೆಯಲ್ಲಾಗಲಿ ಯಾವ ದೋಷವೂ ಇರಲಿಲ್ಲ. ಸುರುಳಿಗೆ ಬೇಕಾದ ಬಟ್ಟೆ ಉಳಿದಿರಲಿಲ್ಲ, ಅಷ್ಟೇ. ಲೀಟರಿನ ಲೆಕ್ಕ ಬಾಯಿಯವರೆಗೆ ತುಂಬಿದಾಗಿನದು ಎಂದು ಎಣಿಸಿ, ನಿಮ್ಮ ವಸ್ತುವಿಗಿಂತ ಒಂದು ಅಳತೆ ದೊಡ್ಡ ಚೀಲವನ್ನೇ ಕೊಳ್ಳಿ. ಈ ಒಂದು ಸಲಹೆ ಈ ಬರಹದ ಉಳಿದೆಲ್ಲ ಮಾತುಗಳಿಗಿಂತ ಹೆಚ್ಚು ಉಪಯೋಗಕ್ಕೆ ಬಂದೀತು.

ಅಂಗೈ ಅಗಲದ ಒದ್ದೆಗೆ ಇಷ್ಟು ಚಿಂತೆ ಏಕೆಂದರೆ ನನ್ನ ಸ್ಲೀಪಿಂಗ್ ಬ್ಯಾಗಿನೊಳಗಿರುವುದು ಡೌನ್, ಅಂದರೆ ಬಾತುಕೋಳಿಯ ಎದೆಯ ನಯವಾದ ತುಪ್ಪಳ. ಅದು ಬೆಚ್ಚಗಿಡುವುದು ತನ್ನ ಎಳೆಗಳ ನಡುವೆ ಹಿಡಿದಿಟ್ಟ ಗಾಳಿಯಿಂದ. ನೀರು ತಗುಲಿದರೆ ಎಳೆಗಳು ಒಂದಕ್ಕೊಂದು ಅಂಟಿ ಮುದ್ದೆಯಾಗುತ್ತವೆ, ಗಾಳಿಯ ಜಾಗವನ್ನು ನೀರು ಆಕ್ರಮಿಸುತ್ತದೆ. ನಿಂತ ಗಾಳಿಗಿಂತ ನೀರು ಸುಮಾರು ಇಪ್ಪತ್ತನಾಲ್ಕು ಪಟ್ಟು ವೇಗವಾಗಿ ಶಾಖವನ್ನು ಸಾಗಿಸುತ್ತದೆ. ಕೃತಕ ನಾರಿನ ಸ್ಲೀಪಿಂಗ್ ಬ್ಯಾಗ್ ಒದ್ದೆಯಾದರೂ ಸ್ವಲ್ಪ ಉಬ್ಬು ಉಳಿಸಿಕೊಳ್ಳುತ್ತದೆ, ಹಿಂಡಿ ಬಳಸಬಹುದು. ಡೌನ್ ಒಮ್ಮೆ ಕುಸಿದರೆ ಬಿಸಿಲು ಬರುವವರೆಗೆ ಎದ್ದೇಳದು.

ಆ ರಾತ್ರಿಯ ನಂತರ ಪ್ರತಿ ಚಾರಣಕ್ಕೂ ಮೊದಲು ಮನೆಯಲ್ಲೇ ಚೀಲಗಳನ್ನು ಪರೀಕ್ಷಿಸುತ್ತೇನೆ. ಖಾಲಿ ಚೀಲಕ್ಕೆ ಗಾಳಿ ತುಂಬಿ, ಬಾಯಿ ಸುತ್ತಿ, ಬಕೆಟ್ ನೀರಿನಲ್ಲಿ ಅದುಮಿ ಹಿಡಿದು ನೋಡುವುದು, ಸೈಕಲ್ ಟ್ಯೂಬಿನ ಪಂಕ್ಚರ್ ಹುಡುಕಿದ ಹಾಗೆ. ಕಳೆದ ವರ್ಷ 8 ಲೀಟರಿನ ಚೀಲದ ತಳದಲ್ಲಿ, ಪಕ್ಕದ ಹೊಲಿಗೆ ಬಂದು ತಳದ ಹೊಲಿಗೆಗೆ ಸೇರುವ ಮೂಲೆಯಿಂದ, ಸಾಸಿವೆ ಕಾಳಿನಷ್ಟು ಸಣ್ಣ ಗುಳ್ಳೆಗಳು ಒಂದರ ಹಿಂದೆ ಒಂದು ದಾರದಂತೆ ಮೇಲೇಳುತ್ತಿದ್ದವು. ಹೊರಗಿನಿಂದ ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ. ಒಳಹೊರಗು ಮಾಡಿ ಉಗುರಿನಿಂದ ಮೆಲ್ಲಗೆ ಕೆರೆದಾಗ ಅಲ್ಲಿ ಟೇಪಿನ ತುದಿ ಎದ್ದಿತ್ತು. ಹೊರಮೈಯ ಸಿಲಿಕಾನಿಗೆ ಮಾಮೂಲಿ ತೇಪೆಯ ಟೇಪ್ ನಿಲ್ಲುವುದಿಲ್ಲ, ಅಲ್ಲಿಗೆ ಸಿಲಿಕಾನ್ ಅಂಟೇ ಆಗಬೇಕು. ಒಳಮೈಗೆ ಪಾಲಿಯುರೆಥೇನ್ ಅಂಟು. ನಾನು ಒಳಗಿನಿಂದ ಅಂಟು ಹಚ್ಚಿ ಒಂದು ರಾತ್ರಿ ಒಣಗಲು ಬಿಟ್ಟೆ. ಅದು ಇಂದಿಗೂ ಗಟ್ಟಿಯಾಗಿದೆ. ಆದರೂ ಮೂರು ಹೊಲಿಗೆಗಳು ಕೂಡುವ ಮೂಲೆಗೆ ಕಾರ್ಖಾನೆಯಲ್ಲೇ ಒಂದು ಹೆಚ್ಚಿನ ತುಂಡು ಟೇಪ್ ಹಾಕಿದ್ದರೆ ಈ ತೊಂದರೆ ಬರುತ್ತಿರಲಿಲ್ಲ ಎಂಬುದು ಈ ಚೀಲಗಳ ಬಗ್ಗೆ ನನ್ನ ನಿಜವಾದ ದೂರು.

ಇಷ್ಟೆಲ್ಲ ಹೇಳಿದ ಮೇಲೆ, ಎರಡು ವರ್ಷಗಳಲ್ಲಿ ನಾನು ಕಲಿತ ಮುಖ್ಯ ಸಂಗತಿಗೆ ಬರುತ್ತೇನೆ. ಒಳ್ಳೆಯ ಲೈನರ್, ಒಳ್ಳೆಯ ಡ್ರೈ ಬ್ಯಾಗ್ ಇದ್ದ ಮೇಲೆ ಬಟ್ಟೆಯ ಮೂಲಕ ಬರುವ ನೀರು ಬಹುಮಟ್ಟಿಗೆ ನಿಂತುಹೋಗುತ್ತದೆ. ಆಮೇಲೆ ಒಳಗೆ ಬರುವ ನೀರೆಲ್ಲ ನಮ್ಮ ಕೈಯಿಂದಲೇ ಬರುವುದು. ಮಳೆಯಲ್ಲಿ ನಿಂತು ಒಂದು ಸಣ್ಣ ವಸ್ತುವಿಗಾಗಿ ಇಡೀ ಚೀಲವನ್ನು ತೆರೆಯುವುದು, ತೊಯ್ದ ಜಾಕೆಟ್ಟನ್ನು ಲೈನರಿನೊಳಗೆ ತುರುಕುವುದು, ನೀರು ಸುರಿಯುವ ತೋಳನ್ನು ಮೊಣಕೈವರೆಗೆ ಒಳಗಿಳಿಸಿ ಹುಡುಕುವುದು, ಹೀಗೆ. ಸಾಮಾನನ್ನು ಒಣಗಿರಿಸುವುದೂ ಸಾಮಾನನ್ನು ಜೋಡಿಸಿಡುವುದೂ ಬೇರೆ ಬೇರೆ ಕೆಲಸಗಳೆಂದು ನಾನು ತಿಳಿದಿದ್ದೆ. ಅವೆರಡೂ ಒಂದೇ ಕೆಲಸ. ಯಾವುದು ಎಲ್ಲಿದೆ ಎಂದು ಗೊತ್ತಿಲ್ಲದ ಚೀಲ ಎಷ್ಟೇ ಜಲನಿರೋಧಕವಾಗಿದ್ದರೂ ಒಳಗಿನಿಂದ ಒದ್ದೆಯಾಗುತ್ತದೆ, ಏಕೆಂದರೆ ಅದನ್ನು ದಿನಕ್ಕೆ ಹತ್ತು ಸಲ ತೆರೆಯಬೇಕಾಗುತ್ತದೆ.

ಆದ್ದರಿಂದ ಈಗ ನನ್ನ ಜೋಡಣೆಯ ನಿಯಮ ಒಂದೇ: ಬೆಳಿಗ್ಗೆ ಕಟ್ಟಿದ ಲೈನರನ್ನು ಸಂಜೆ ಟೆಂಟಿನೊಳಗೆ ಕುಳಿತ ಮೇಲೆಯೇ ಬಿಚ್ಚುವುದು. ಹಗಲಿನಲ್ಲಿ ಬೇಕಾಗಬಹುದಾದ ಯಾವುದೂ ಅದರೊಳಗಿರಬಾರದು. ತಳದಲ್ಲಿ 13 ಲೀಟರಿನ ಚೀಲ, ಅದರಲ್ಲಿ ಸ್ಲೀಪಿಂಗ್ ಬ್ಯಾಗ್ ಮಾತ್ರ. ಅದರ ಮೇಲೆ 8 ಲೀಟರಿನದು, ಅದರಲ್ಲಿ ಮಲಗುವಾಗಿನ ಬಟ್ಟೆ. ಬೆನ್ನಿಗೆ ಹತ್ತಿರ, ನಡುಮಟ್ಟದಲ್ಲಿ ಭಾರದ ಆಹಾರದ ಚೀಲ, ಏಕೆಂದರೆ ಭಾರ ಬೆನ್ನಿನಿಂದ ದೂರ ಹೋದಷ್ಟೂ ಹೆಗಲನ್ನು ಹಿಂದಕ್ಕೆ ಎಳೆಯುತ್ತದೆ. ಇಲ್ಲಿಗೆ ಲೈನರಿನ ಬಾಯಿ ತಿರುಚಿ ಮುಚ್ಚಿಬಿಡುತ್ತೇನೆ. ಅದರ ಮೇಲೆ, ಲೈನರಿನ ಹೊರಗೆ, ಟೆಂಟ್. ಮಳೆಯಲ್ಲಿ ಮೊದಲು ಬೇಕಾಗುವುದು ಅದೇ; ಬೆಳಿಗ್ಗೆ ಒದ್ದೆಯಾಗಿಯೇ ಮಡಿಸಬೇಕಾದದ್ದೂ ಅದೇ. ಒದ್ದೆ ಟೆಂಟನ್ನು ಲೈನರಿನೊಳಗಿಟ್ಟರೆ ಒಂದು ಕೊಳವನ್ನೇ ಒಳಗಿಟ್ಟಂತೆ. ಒಲೆಯ ಇಂಧನ, ನೀರಿನ ರಬ್ಬರ್ ಚೀಲ ಇವೂ ಹೊರಗೇ ಇರಬೇಕು. ಕೊಳವೆ ಜೋಡಿಸಿ ಕುಡಿಯುವ ನೀರಿನ ಚೀಲವನ್ನು ಬೆನ್ನುಚೀಲದೊಳಗೆ ಇಟ್ಟುಕೊಳ್ಳುವವರು ನೆನಪಿಡಬೇಕಾದದ್ದೆಂದರೆ, ಆ ಎರಡು ಲೀಟರ್ ನೀರು ಆಗಲೇ ಎಲ್ಲ ಗೋಡೆಗಳನ್ನೂ ದಾಟಿ ಒಳಗೆ ಬಂದಿದೆ. ಅದರ ಮುಚ್ಚಳ ಸಡಿಲವಾದರೆ ಲೈನರ್ ಆ ನೀರನ್ನು ಹೊರಗೆ ಹೋಗಲೂ ಬಿಡುವುದಿಲ್ಲ.

4 ಲೀಟರಿನ ಚೀಲ ಮೇಲಿನ ಮುಚ್ಚಳದ ಜೇಬಿನಲ್ಲಿರುತ್ತದೆ. ಪ್ರಥಮ ಚಿಕಿತ್ಸೆಯ ಸಾಮಗ್ರಿ, ಹೆಡ್‌ಲ್ಯಾಂಪ್, ತೆಳುವಾದ ಕೈಗವಸು, ನಕ್ಷೆ ಇವೆಲ್ಲ ಅದರಲ್ಲಿ. ಬಣ್ಣ ಕೆಂಪು. ಉಳಿದೆರಡು ಹಳದಿ ಮತ್ತು ನೀಲಿ. ಬಣ್ಣದ ಆಯ್ಕೆ ಸಣ್ಣ ಸಂಗತಿಯಂತೆ ಕಾಣಬಹುದು, ಆದರೆ ಜೊತೆಗಾರನೊಬ್ಬ ಬಂಡೆಯಿಂದ ಜಾರಿ ಮೊಣಕೈ ತರಚಿಕೊಂಡಾಗ ನಾನು ಅವನ ಕೈ ಹಿಡಿದುಕೊಂಡೇ, ಇನ್ನೊಬ್ಬರಿಗೆ ‘ಮೇಲಿನ ಕೆಂಪು ಚೀಲ’ ಎಂದಷ್ಟೇ ಹೇಳಿದೆ. ಅವರು ನನ್ನ ಬೆನ್ನಿನ ಮೇಲಿದ್ದ ಚೀಲದಿಂದಲೇ ಅದನ್ನು ತೆಗೆದುಕೊಟ್ಟರು. ಮೂರೂ ಒಂದೇ ಬಣ್ಣದವಾಗಿ ಸಿಗುವ ಜೋಡಿಗಳೂ ಮಾರುಕಟ್ಟೆಯಲ್ಲಿವೆ. ಅವನ್ನು ಕೊಳ್ಳಬೇಡಿ.

ಇನ್ನೂ ಸಣ್ಣಸಣ್ಣ ಚೀಲಗಳನ್ನು ಕೊಂಡು ಪ್ರತಿಯೊಂದು ವಸ್ತುವಿಗೂ ಒಂದೊಂದು ಮನೆ ಕಟ್ಟುವ ಆಸೆ ನನಗೂ ಆರಂಭದಲ್ಲಿತ್ತು. ಒಮ್ಮೆ ಏಳು ಚೀಲಗಳೊಂದಿಗೆ ಹೋಗಿ ನೋಡಿದೆ. ಪ್ರತಿಯೊಂದಕ್ಕೂ ಬಾಯಿಯ ಪಟ್ಟಿ, ಬಕಲ್, ಸುರುಳಿ ಎಂದು ತೂಕವೂ ಜಾಗವೂ ವ್ಯರ್ಥವಾಗುತ್ತದೆ. ಗಾಳಿ ತುಂಬಿ ಬಿಗಿಯಾದ ದುಂಡನೆಯ ಚೀಲಗಳನ್ನು ಬೆನ್ನುಚೀಲದಲ್ಲಿಟ್ಟರೆ ಪೆಟ್ಟಿಗೆಯಲ್ಲಿ ಚೆಂಡುಗಳನ್ನು ಜೋಡಿಸಿದಂತೆ ಎಡೆಎಡೆಯಲ್ಲಿ ಖಾಲಿ ಜಾಗ ಉಳಿಯುತ್ತದೆ. ಮುಕ್ಕಾಲು ತುಂಬಿ, ಗಾಳಿ ಹಿಂಡಿ, ಬಾಯಿ ಸುತ್ತಿ ಮುಚ್ಚಿದ ಸಡಿಲ ಚೀಲ ಹಿಟ್ಟಿನ ಮುದ್ದೆಯಂತೆ ಸಿಕ್ಕ ಸಂದಿಗೆ ಹೊಂದಿಕೊಳ್ಳುತ್ತದೆ. ಈ ತೆಳ್ಳನೆಯ ನೈಲಾನಿನ ದೊಡ್ಡ ಗುಣ ಅದೇ. ಜಾರುವ ಹೊರಮೈಯಿಂದಾಗಿ ಚೀಲಗಳು ಒಂದರ ಪಕ್ಕ ಒಂದು ಸರಿದು ಕೂರುತ್ತವೆ.

ಒಣಗಿದ ಬಟ್ಟೆಯ ವಿಷಯದಲ್ಲಿ ಚೀಲ ಮಾಡಬಹುದಾದ ಕೆಲಸ ಅರ್ಧ ಮಾತ್ರ, ಉಳಿದರ್ಧ ಮನಸ್ಸಿನದು. 8 ಲೀಟರಿನ ಚೀಲದಲ್ಲಿರುವ ಒಂದು ಜೊತೆ ಬಟ್ಟೆ ಟೆಂಟಿನೊಳಗೆ ಮಾತ್ರ ತೊಡುವಂಥದ್ದು. ಬೆಳಿಗ್ಗೆ ಎದ್ದು, ಆ ಬೆಚ್ಚನೆಯ ಬಟ್ಟೆ ಕಳಚಿ, ರಾತ್ರಿಯೆಲ್ಲ ತಣ್ಣಗೆ ಬಿದ್ದಿದ್ದ ಒದ್ದೆ ಅಂಗಿಯನ್ನೂ ಒದ್ದೆ ಕಾಲುಚೀಲವನ್ನೂ ಮತ್ತೆ ತೊಟ್ಟುಕೊಳ್ಳಬೇಕು. ಚಾರಣದ ಇಡೀ ದಿನದಲ್ಲಿ ಅತ್ಯಂತ ಕಷ್ಟದ ಎರಡು ನಿಮಿಷ ಅದು. ನಡೆಯಲು ಆರಂಭಿಸಿದ ಕಾಲು ಗಂಟೆಯಲ್ಲಿ ಮೈ ಬಿಸಿಯಾಗುತ್ತದೆ, ಒದ್ದೆ ಮರೆತುಹೋಗುತ್ತದೆ. ಇದೊಂದು ಬೆಳಿಗ್ಗೆ ಮಾತ್ರ ಎಂದು ಒಣಬಟ್ಟೆಯಲ್ಲೇ ಹೊರಟವರು ಸಂಜೆಗೆ ಎರಡು ಜೊತೆ ಒದ್ದೆ ಬಟ್ಟೆಗಳ ಒಡೆಯರಾಗಿರುತ್ತಾರೆ.

ಡ್ರೈ ಬ್ಯಾಗಿನ ಬಗ್ಗೆ ಅಷ್ಟಾಗಿ ಯಾರೂ ಹೇಳದ ಒಂದು ಗುಣವಿದೆ. ನೀರನ್ನು ಒಳಗೆ ಬಿಡದ ಬಟ್ಟೆ ನೀರನ್ನು ಹೊರಗೂ ಬಿಡುವುದಿಲ್ಲ. ಮಲಗಿದ ಮನುಷ್ಯನ ಮೈಯಿಂದಲೂ ಉಸಿರಿನಿಂದಲೂ ರಾತ್ರಿಯೆಲ್ಲ ಆವಿ ಹೊರಡುತ್ತಲೇ ಇರುತ್ತದೆ, ಅದರಲ್ಲಿ ಸ್ವಲ್ಪ ಸ್ಲೀಪಿಂಗ್ ಬ್ಯಾಗಿನಲ್ಲೇ ನೆಲೆಸುತ್ತದೆ. ಬೆಳಿಗ್ಗೆ ಎದ್ದ ಕೂಡಲೇ, ಇನ್ನೂ ಬೆಚ್ಚಗಿರುವಾಗಲೇ ಅದನ್ನು ಡ್ರೈ ಬ್ಯಾಗಿಗೆ ತುರುಕಿದರೆ ಆ ತೇವವನ್ನೂ ಮುದ್ರೆಯೊತ್ತಿ ಒಳಗಿಟ್ಟಂತಾಗುತ್ತದೆ. ಮೂರನೆಯ, ನಾಲ್ಕನೆಯ ರಾತ್ರಿಗೆ ಮಳೆಯ ಹನಿಯೊಂದೂ ತಾಗದಿದ್ದರೂ ಸ್ಲೀಪಿಂಗ್ ಬ್ಯಾಗ್ ಸೊರಗಿ ಪಸೆಪಸೆಯಾಗಿರುತ್ತದೆ. ಎದ್ದ ಮೇಲೆ ಅದನ್ನು ಕೊಡವಿ, ಉಳಿದ ಕೆಲಸಗಳು ಮುಗಿಯುವವರೆಗೆ ಇಪ್ಪತ್ತು ನಿಮಿಷ ಹರಡಿಡುವುದು, ಮಧ್ಯಾಹ್ನ ಬಿಸಿಲು ಬಿದ್ದರೆ ಬಂಡೆಯ ಮೇಲೆ ಹಾಸುವುದು, ಇದಕ್ಕೆ ಬದಲಿ ಯಾವ ಬ್ಯಾಗೂ ಇಲ್ಲ. ಲೈನರನ್ನು ಸಂಜೆಗೆ ಮೊದಲು ಬಿಚ್ಚಬಾರದೆಂಬ ನನ್ನ ನಿಯಮವನ್ನು ನಾನು ಮುರಿಯುವುದು ಇಂಥ ಬಿಸಿಲಿಗೆ ಮಾತ್ರ.

ವಿದ್ಯುತ್ ಉಪಕರಣಗಳನ್ನು ಈ ಚೀಲಗಳಿಗೆ ಒಪ್ಪಿಸಲು ನನಗೆ ಧೈರ್ಯವಿಲ್ಲ. ಫೋನ್ ಐಪಿಎಕ್ಸ್7 ದರ್ಜೆಯದಾಗಿದ್ದರೆ ಒಂದು ಮೀಟರ್ ಆಳದ ನೀರಿನಲ್ಲಿ 30 ನಿಮಿಷ ತಡೆದುಕೊಳ್ಳುತ್ತದೆ ಎಂಬುದು ಪರೀಕ್ಷೆಯ ಅರ್ಥ. ಆದರೂ ಚಾರ್ಜಿಂಗ್ ರಂಧ್ರದಲ್ಲಿ ತೇವವಿದ್ದರೆ ಚಾರ್ಜ್ ಮಾಡಲಾಗುವುದಿಲ್ಲ. ಬಹುತೇಕ ಪವರ್ ಬ್ಯಾಂಕುಗಳಿಗೆ ಆ ರಕ್ಷಣೆಯೂ ಇರುವುದಿಲ್ಲ. ಇವೆರಡಕ್ಕೂ ಒತ್ತಿ ಮುಚ್ಚುವ ಝಿಪ್ ಇರುವ ಪ್ಲಾಸ್ಟಿಕ್ ಚೀಲ, ಒಂದರೊಳಗೊಂದು ಎರಡು. ಸಿಲಿಕಾ ಜೆಲ್ ಪೊಟ್ಟಣ ಹಾಕಿದರೆ ಇಷ್ಟು ಚಿಕ್ಕ ಜಾಗದಲ್ಲಿ ಅದು ಕೆಲಸ ಮಾಡುತ್ತದೆ. ಬಟ್ಟೆಯ ಚೀಲದಲ್ಲಿ ಹಾಕಿ ಪ್ರಯೋಜನವಿಲ್ಲ, ಪ್ರತಿ ಸಲ ಬಾಯಿ ತೆರೆದಾಗಲೂ ಬರುವ ತೇವವನ್ನು ಅದು ಹೀರಿ ಮುಗಿಸಲಾರದು.

ಬಾಳಿಕೆಯ ಬಗ್ಗೆ ಹೇಳುವುದಾದರೆ, ಈ ಚೀಲಗಳ ಶತ್ರು ಮಳೆಗಿಂತ ಹೆಚ್ಚಾಗಿ ಮನೆಯ ಕಪಾಟು. ಪಾಲಿಯುರೆಥೇನ್ ಲೇಪನ ತೇವ ಮತ್ತು ಸೆಕೆಯಲ್ಲಿ ನಿಧಾನವಾಗಿ ವಿಘಟನೆಗೊಳ್ಳುತ್ತದೆ. ಮೊದಲು ಹುಳಿವಾಸನೆ, ಆಮೇಲೆ ಅಂಟಂಟು, ಕೊನೆಗೆ ಬಿಳಿಯ ಸಿಪ್ಪೆಯಂತೆ ಕಳಚುವುದು. ಹಳೆಯ ಡ್ರೈ ಬ್ಯಾಗೊಂದನ್ನು ನಾನು ಹೀಗೆಯೇ ಕಳೆದುಕೊಂಡೆ: ಚಾರಣದಿಂದ ಬಂದು ಪಸೆಯಾರದ ಚೀಲವನ್ನು ಸುತ್ತಿಟ್ಟು ಮುಂದಿನ ವರ್ಷ ತೆಗೆದಾಗ ಒಳಮೈ ಒಂದಕ್ಕೊಂದು ಮೆತ್ತಿಕೊಂಡಿತ್ತು. ಈಗ ಮನೆಗೆ ಬಂದ ದಿನವೇ ಸೋಪಿಲ್ಲದ ನೀರಿನಲ್ಲಿ ತೊಳೆದು, ಒಳಹೊರಗು ಮಾಡಿ ನೆರಳಿನಲ್ಲಿ ಒಣಗಿಸಿ, ಸುತ್ತದೆ ಸಡಿಲವಾಗಿ ತೂಗುಹಾಕುತ್ತೇನೆ. ಎರಡು ವರ್ಷಗಳ ನಂತರವೂ ಲೇಪನ ಹೊಸದರಂತೆ ನಯವಾಗಿದೆ.

ಇದಕ್ಕಿಂತ ಹಗುರವಾದ, ದುಬಾರಿಯಾದ ಆಯ್ಕೆಯೂ ಇದೆ: ಡೈನೀಮಾ ಕಾಂಪೊಸಿಟ್ ಬಟ್ಟೆಯ ಚೀಲಗಳು. ಹಿಂದೆ ಕ್ಯೂಬೆನ್ ಫೈಬರ್ ಎಂದು ಕರೆಯಲಾಗುತ್ತಿದ್ದ ಈ ವಸ್ತುವಿನ ಮೂಲ ಹಾಯಿದೋಣಿಗಳ ಹಾಯಿಯಲ್ಲಿದೆ. 1992ರ ಅಮೆರಿಕಾಸ್ ಕಪ್ ಹಾಯಿದೋಣಿ ಪಂದ್ಯವನ್ನು ಗೆದ್ದ ‘ಅಮೆರಿಕ ಕ್ಯೂಬ್ಡ್’ ತಂಡದ ಹೆಸರಿನಿಂದಲೇ ಆ ಪದ ಹುಟ್ಟಿತು. ಅದು ನೀರು ಹೀರದು, ನೈಲಾನಿನಂತೆ ಒದ್ದೆಯಾದಾಗ ಹಿಗ್ಗದು. ಗೆಳೆಯರದೊಂದನ್ನು ಒಂದು ವಾರ ಬಳಸಿದೆ. ಪ್ರತಿದಿನ ಮಡಿಸಿ ತುರುಕುವ ಕೆಲಸಕ್ಕೆ ಅದು ಗರಿಗರಿಯಾದ ಕಾಗದದಂತೆ ವರ್ತಿಸುತ್ತದೆ, ಮಡಿಕೆ ಬಿದ್ದ ಕಡೆ ಕಾಲಕ್ರಮೇಣ ಸೂಜಿಮೊನೆಯಷ್ಟು ತೂತುಗಳಾಗುತ್ತವೆ. ಉಳಿಯುವ ನಲವತ್ತು ಐವತ್ತು ಗ್ರಾಮಿಗಾಗಿ ಅಷ್ಟು ಹಣ ತೆರಲು ನಾನು ಸಿದ್ಧನಿಲ್ಲ. ಆ ಹಣ ಸ್ಲೀಪಿಂಗ್ ಬ್ಯಾಗಿಗೆ ಹೋದರೆ ರಾತ್ರಿ ನೇರವಾಗಿ ಬೆಚ್ಚಗಾಗುತ್ತದೆ.

ಮತ್ತೆ ಕೊಳ್ಳುವುದಾದರೆ ಇದೇ ಬಟ್ಟೆಯನ್ನೇ ಕೊಳ್ಳುತ್ತೇನೆ, ಅಳತೆಗಳನ್ನು ಮಾತ್ರ ಬದಲಿಸುತ್ತೇನೆ. ನನ್ನ ಸ್ಲೀಪಿಂಗ್ ಬ್ಯಾಗಿಗೆ 13 ಲೀಟರ್ ಇಕ್ಕಟ್ಟು, 20 ಲೀಟರ್ ಸರಿ. ಬಟ್ಟೆಗೆ 8 ಲೀಟರ್ ಸರಿಯಾಗಿದೆ. 4 ಲೀಟರಿನದರ ಬಾಯಿ ಕೈತೂರಲು ಕಿರಿದಾಗಿರುವುದರಿಂದ ಅದೇ ಗಾತ್ರದ, ಅಗಲ ಹೆಚ್ಚಿರುವ ಚೀಲವನ್ನು ಹುಡುಕುತ್ತಿದ್ದೇನೆ. ಬಕಲ್ ಒಮ್ಮೆಯೂ ಮುರಿದಿಲ್ಲ, ಆದರೆ ಗವಸು ತೊಟ್ಟ ಕೈಗೆ ತೀರಾ ಚಿಕ್ಕದು. ಕಳೆದ ಚಾರಣದ ಕೊನೆಯ ರಾತ್ರಿ, ಹದಿನಾಲ್ಕು ಗಂಟೆ ಬಿಡದೆ ಸುರಿದ ಮಳೆಯ ನಂತರ, ಬೆನ್ನುಚೀಲವನ್ನು ಎತ್ತಿದರೆ ತಳದಿಂದ ನೀರು ತೊಟ್ಟಿಕ್ಕುತ್ತಿತ್ತು. ಲೈನರನ್ನು ಬಿಚ್ಚಿ, ಹಳದಿ ಚೀಲದ ಸುರುಳಿಯನ್ನು ಒಂದು, ಎರಡು, ಮೂರು ಎಂದು ಬಿಡಿಸಿ ಸ್ಲೀಪಿಂಗ್ ಬ್ಯಾಗನ್ನು ಹೊರಗೆಳೆದೆ. ಕಾಲಿನ ತುದಿಯನ್ನು ಕೆನ್ನೆಗೆ ಒತ್ತಿ ನೋಡಿದೆ. ಒಣಗಿತ್ತು.